40 ವರ್ಷದ ಗ್ಲೆನ್‌ಫಾರ್ಕ್ಲಸ್ ತೆಗೆದೆವು. ನಮ್ಮ ಅನುಭವ ಇದು, ನಿಮ್ಮದೂ ಹೇಳಿ

ಅಬರ್ಡೀನ್ ಕನ್ನಡಿಗ | ಭಾನುವಾರ, ಬೆಳಗ್ಗೆ 11:10

ಎಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ಕೊನೆಗೂ ಆ ವಿಸ್ಕಿ ಬಾಟಲಿ ತೆಗೆದೆವು. ಮರದ ಪೀಪಾಯಿಯಲ್ಲಿ 40 ವರ್ಷ ಇದ್ದ ಸ್ಕಾಟ್ಲೆಂಡಿನ ವಿಸ್ಕಿ ಅದು, 40 ವರ್ಷದ ಗ್ಲೆನ್‌ಫಾರ್ಕ್ಲಸ್. ನಾವು ನಾಲ್ಕು ಜನ ಗೆಳೆಯರು ಚೀಟಿ ಹಾಕಿದ ಹಾಗೆ ತಿಂಗಳಿಗಿಷ್ಟು ಅಂತ ದುಡ್ಡು ಕೂಡಿಸಿ ಕೊಂಡಿದ್ದು. ಬೆಲೆ ಸಾವಿರ ಪೌಂಡ್ ದಾಟಿತ್ತು. ಕುಡಿಯುವ ವಸ್ತುವಿಗೆ ಇಷ್ಟು ದುಡ್ಡು ನಾನು ಯಾವತ್ತೂ ಕೊಟ್ಟಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಇಲ್ಲಿ ತಿಳಿದವರು ತುಂಬಾ ಜನ ಇದ್ದೀರಿ. ತಪ್ಪಿದ್ದರೆ ತಿದ್ದಿ.

ಮೊದಲು ಡಿಸ್ಟಿಲರಿ, ಅಂದರೆ ವಿಸ್ಕಿ ಭಟ್ಟಿ ಇಳಿಸುವ ಜಾಗದ ಬಗ್ಗೆ. ನಮ್ಮ ಮನೆಯಿಂದ ಕಾರಲ್ಲಿ ಒಂದೂವರೆ ಗಂಟೆ ದಾರಿ. ಸ್ಪೇಸೈಡ್ ಸೀಮೆಯ ಬ್ಯಾಲಿಂಡಾಲಕ್ ಹತ್ತಿರ, ಬೆನ್ ರಿನ್ನಿಸ್ ಬೆಟ್ಟದ ಬುಡದಲ್ಲಿದೆ. 1836ರಲ್ಲಿ ಪರವಾನಗಿ ಸಿಕ್ಕಿತು. 1865ರಲ್ಲಿ ಜಾನ್ ಗ್ರಾಂಟ್ ಅನ್ನುವವರು 511 ಪೌಂಡ್ 19 ಶಿಲಿಂಗ್ ಕೊಟ್ಟು ಕೊಂಡರು. ಅವತ್ತಿನಿಂದ ಇವತ್ತಿನವರೆಗೂ ಅದೇ ಮನೆತನದ ಕೈಯಲ್ಲಿದೆ. ಸುತ್ತಮುತ್ತಲಿನ ಎಷ್ಟೋ ಡಿಸ್ಟಿಲರಿಗಳು ದೊಡ್ಡ ಕಂಪನಿಗಳ ಪಾಲಾಗಿವೆ. ಇವರು ಮಾರಲಿಲ್ಲ. ಮನೆಯವರದ್ದೇ ಆದ್ದರಿಂದ ಹಳೇ ಪೀಪಾಯಿಗಳನ್ನು ಅವಸರಕ್ಕೆ ಮಾರದೆ ಇಟ್ಟುಕೊಳ್ಳಲು ಆಯಿತು ಅಂತ ನನಗನಿಸುತ್ತದೆ. 2007ರಲ್ಲಿ 1952ರಿಂದ 1994ರವರೆಗಿನ ಪ್ರತಿಯೊಂದು ವರ್ಷದ ಪೀಪಾಯಿಯಿಂದಲೂ ಬಾಟಲಿ ತುಂಬಿಸಿ ಹೊರಗೆ ತಂದರು. 43 ವರ್ಷ, ನಡುವೆ ಒಂದೂ ಬಿಟ್ಟಿಲ್ಲ.

ಅವರ ತಾಮ್ರದ ಹಂಡೆಗಳ ಕೆಳಗೆ ಇವತ್ತಿಗೂ ನೇರ ಬೆಂಕಿ ಉರಿಯುತ್ತದೆ. ಬೇರೆ ಕಡೆ ಹೆಚ್ಚಾಗಿ ಹಬೆಯಿಂದ ಕಾಯಿಸುತ್ತಾರೆ. 1981ರಲ್ಲಿ ಇವರೂ ಹಬೆ ಹಾಕಿ ನೋಡಿದರು. ರುಚಿ ಬೇರೆಯಾಯಿತು ಅಂತ ಮತ್ತೆ ಬೆಂಕಿಗೇ ಬಂದರು. ಇನ್ನೇನು ತಳ ಹಿಡಿಯಬೇಕು ಅನ್ನುವಾಗ ಇಳಿಸಿದ ಪಾಯಸಕ್ಕೆ ಒಂದು ಘಮ ಇರುತ್ತಲ್ಲ, ಅಂಥದ್ದೇನೋ ಈ ವಿಸ್ಕಿಯಲ್ಲಿ ಇದೆ.

ಗೋದಾಮು ನೋಡಿದ್ದು ನನಗೆ ಮರೆಯುವುದಿಲ್ಲ. ನೆಲ ಬರೀ ಮಣ್ಣು. ಕಲ್ಲಿನ ಗೋಡೆ, ಸ್ಲೇಟಿನ ಚಾವಣಿ. ಒಳಗೆ ತಂಪು, ತೇವ. ಹೊರಗಿನ ಗೋಡೆ, ಪಕ್ಕದ ಮರದ ಕಾಂಡ ಎಲ್ಲಾ ಮಸಿ ಬಳಿದಷ್ಟು ಕಪ್ಪು. ಪೀಪಾಯಿಗಳಿಂದ ಆರಿಹೋಗುವ ಆಲ್ಕೋಹಾಲ್ ಆವಿ ತಿಂದು ಬೆಳೆಯುವ ಬೂಷ್ಟು ಅದು. ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ಹೀಗೆ ಗಾಳಿಗೆ ಹೋಗುತ್ತದೆ. ಅದನ್ನು ದೇವತೆಗಳ ಪಾಲು ಅಂತ ಇಲ್ಲಿ ಕರೆಯುತ್ತಾರೆ.

ಈಗ ಬಾಟಲಿ ವಿಷಯ. ಕೊಂಡು ಎಂಟು ತಿಂಗಳು ಕಪಾಟಿನಲ್ಲಿ ಮಲಗಿಸಿ ಇಟ್ಟಿದ್ದೆ. ಅದು ನನ್ನ ತಪ್ಪು. ಬಿರಡೆ ತಿರುಗಿಸಿದೆ, ಅರ್ಧಕ್ಕೆ ಮುರಿಯಿತು. ಕೈ ನಡುಗಿತು. ಉಳಿದ ತುಂಡನ್ನು ನಿಧಾನಕ್ಕೆ ತಿರುಪಿನಿಂದ ಎಳೆದೆವು. ಪುಡಿ ಒಳಗೆ ಬಿತ್ತು. ಗೆಳೆಯನ ಹೆಂಡತಿ ಒಂದು ಹಳೇ ಪಂಚೆ ತುಂಡನ್ನು ಬಿಸಿನೀರಲ್ಲಿ ಎರಡು ಸಲ ಜಾಲಿಸಿ, ಇಸ್ತ್ರಿ ಮಾಡಿ ಒಣಗಿಸಿ ಕೊಟ್ಟರು. ಅದರಲ್ಲಿ ಸೋಸಿ ಬೇರೆ ಬಾಟಲಿಗೆ ಹಾಕಿದೆವು. ಒಂದು ಹನಿ ಚೆಲ್ಲಲಿಲ್ಲ. ಪಂಚೆ ತುಂಡು ಇನ್ನೂ ನನ್ನ ಮೇಜಿನ ಮೇಲೇ ಇದೆ, ಕಿತ್ತಳೆ ಬಣ್ಣದ ಕಲೆ, ಒಳ್ಳೆ ಘಮ.

ಮೂರು ಲೋಟ ಇಟ್ಟೆವು. ಅದೇ ಡಿಸ್ಟಿಲರಿಯ 15 ವರ್ಷದ್ದು, 25ರದ್ದು, 40ರದ್ದು. ಒಬ್ಬೊಬ್ಬರಿಗೆ ಒಂದೊಂದರಲ್ಲಿ 20 ಮಿ.ಲೀ. 15ರದ್ದರಲ್ಲಿ ಆಲ್ಕೋಹಾಲ್ ಶೇ 46, ಉಳಿದೆರಡರಲ್ಲಿ ಶೇ 43.

15 ಲೋಟದಿಂದ ಎದ್ದು ಮೂಗಿಗೆ ಬರುತ್ತದೆ. ಒಣದ್ರಾಕ್ಷಿ, ಶುಂಠಿ, ಸ್ವಲ್ಪ ಖಾರ. 25 ತುಂಬಿಕೊಂಡಿದೆ. ಅಂಜೂರ, ಜೇನು, ಅಕ್ರೋಟು. ನಾಲಿಗೆ ಮೇಲೆ ಎಣ್ಣೆಯ ಹಾಗೆ ಕೂರುತ್ತದೆ.

40 ಮೊದಲ ಐದು ನಿಮಿಷ ಏನೂ ಹೇಳಲಿಲ್ಲ. ನಮ್ಮೂರ ದೇವಸ್ಥಾನದಲ್ಲಿ ಪಲ್ಲಕ್ಕಿ ಇಡುವ ಕೋಣೆ ಇದೆ. ವರ್ಷಕ್ಕೊಮ್ಮೆ ಜಾತ್ರೆಗೆ ಬಾಗಿಲು ತೆಗೆಯುತ್ತಾರೆ. ಆಗ ಬರುವ ವಾಸನೆ, ಎಣ್ಣೆ ಕುಡಿದ ಮರ, ಹಳೇ ಬಟ್ಟೆ, ಅಷ್ಟೇ ಸಿಕ್ಕಿದ್ದು. ನಾಲ್ವರೂ ಮುಖ ಮುಖ ನೋಡಿಕೊಂಡೆವು. ಹದಿನೈದು ನಿಮಿಷ ಆದಮೇಲೆ ಉತ್ತುತ್ತೆ ಬಂತು. ಆಮೇಲೆ ಜೋನಿ ಬೆಲ್ಲ. ಆಮೇಲೆ ಕಿತ್ತಳೆ ಸಿಪ್ಪೆ, ಗಟ್ಟಿ ಡಿಕಾಕ್ಷನ್. ಕೊನೆಗೆ ಮಳೆ ಬಿದ್ದ ತೋಟದಲ್ಲಿ ಹಣಬೆ ಕಿತ್ತಾಗ ಬರುವ ವಾಸನೆ. ಬಾಯಲ್ಲಿ ಸುಡುವುದೇ ಇಲ್ಲ. ನುಂಗಿದ ಮೇಲೆ ಎಳೆ ಅಡಿಕೆ ಅಗಿದ ಹಾಗೆ ಒಗರು. ಆ ಒಗರಿನ ಹಿಂದೆ ಸಿಹಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕುಡಿಯುವ ಸುಖ 25ರಲ್ಲೇ ಜಾಸ್ತಿ. 40 ಅದ್ಭುತ, ಆದರೆ ಮರದ ಒಗರು ಸ್ವಲ್ಪ ಮುಂದೆ ಬಂದಿದೆ. ವಯಸ್ಸಾದಷ್ಟೂ ವಿಸ್ಕಿ ಕಿಕ್ ಕೊಡುತ್ತದೆ ಅಂತ ನಮ್ಮ ಕಡೆ ನಂಬಿಕೆ ಇದೆ. ಅದು ಉಲ್ಟಾ. ವಯಸ್ಸಾದಷ್ಟೂ ಮೆತ್ತಗಾಗುತ್ತದೆ. ನಿಮಗೆ ಹೇಗನಿಸಿದೆ?

ಜಯನಗರ ನಾಲ್ಕನೇ ಬ್ಲಾಕ್ | ಭಾನುವಾರ, ಮಧ್ಯಾಹ್ನ 1:35

ತುಂಬಾ ಚೆನ್ನಾಗಿ ಬರೆದಿದ್ದೀರಿ ಸರ್. ಪಲ್ಲಕ್ಕಿ ಕೋಣೆ ಓದಿದ ತಕ್ಷಣ ಮೂಗಿಗೆ ಬಂತು.

ನನ್ನದೊಂದು ಮಾತು. 40 ವರ್ಷ ಅನ್ನೋ ಅಂಕಿ ಸ್ಕಾಟ್ಲೆಂಡಿನ ಚಳಿಯ ಲೆಕ್ಕ. ನಮ್ಮ ಬೆಂಗಳೂರಿನ ಲೆಕ್ಕವೇ ಬೇರೆ. ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿಯಲ್ಲಿ ವರ್ಷಕ್ಕೆ ನೂರಕ್ಕೆ 10ರಿಂದ 12 ಪಾಲು ಆವಿಯಾಗಿ ಹೋಗುತ್ತದೆ. ಅದಕ್ಕೇ ಅವರು ತಮ್ಮ 8 ವರ್ಷದ ವಿಸ್ಕಿಗೆ ಗ್ರೀಡಿ ಏಂಜಲ್ಸ್ ಅಂತ ಹೆಸರಿಟ್ಟರು, ದುರಾಸೆಯ ದೇವತೆಗಳು ಅಂತ. 15 ವರ್ಷದ ಎಕ್ಸ್‌ಪೆಡಿಷನ್ ಬಂದಾಗ ಜಗತ್ತಿಗೆಲ್ಲಾ ಸೇರಿ ಬರೀ 75 ಬಾಟಲಿ. ಅಷ್ಟು ವರ್ಷ ಪೀಪಾಯಿಯಲ್ಲಿ ಏನಾದರೂ ಉಳಿದಿದ್ದೇ ಹೆಚ್ಚು.

2004ರ ಆಗಸ್ಟ್‌ನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮೊದಲು ಮಾರಾಟಕ್ಕೆ ಬಂದಿದ್ದು ಎಲ್ಲಿ ಗೊತ್ತಾ? ಗ್ಲಾಸ್ಗೋದಲ್ಲಿ. ಸ್ಕಾಚಿನ ಮನೆ ಬಾಗಿಲಿಗೇ ಹೋಗಿ ಇಟ್ಟರು. ಆ ಧೈರ್ಯ ನನಗೆ ಇವತ್ತಿಗೂ ಹೆಮ್ಮೆ. ಹಾಗಾಗಿ ಕೇಳುತ್ತೇನೆ, ಬೆಂಗಳೂರಿನ 8 ವರ್ಷ ಸ್ಕಾಟ್ಲೆಂಡಿನ 40ಕ್ಕೆ ಸಮ ಅಲ್ವಾ?

ಲ್ಯಾಬ್ ಮೇಡಂ | ಭಾನುವಾರ, ಸಂಜೆ 6:20

ಜಯನಗರದವರ ಪ್ರಶ್ನೆ ಒಳ್ಳೆಯದು. ನಾನು ಪೇಪರ್ ತಗೊಂಡು ಲೆಕ್ಕ ಹಾಕಿದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 2ರಂತೆ ಹೋದರೆ 40 ವರ್ಷಕ್ಕೆ ನೂರರಲ್ಲಿ ಸುಮಾರು 45 ಪಾಲು ಉಳಿಯುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ 10ರಂತೆ ಹೋದರೆ 8 ವರ್ಷಕ್ಕೆ 43 ಪಾಲು. ಹತ್ತಿರ ಹತ್ತಿರ ಒಂದೇ! ನನಗೇ ಆಶ್ಚರ್ಯ ಆಯಿತು.

ಆದರೆ ಸಮ ಆಗಿದ್ದು ಆರಿಹೋದ ಲೆಕ್ಕ ಮಾತ್ರ. ರುಚಿ ಸಮ ಆಗುವುದಿಲ್ಲ.

ಪೀಪಾಯಿಯೊಳಗೆ ಒಂದೇ ಕೆಲಸ ನಡೆಯುವುದಿಲ್ಲ. ಮರದಿಂದ ವೆನಿಲ್ಲಾ, ಕೊಬ್ಬರಿ ಪರಿಮಳ, ಲವಂಗದ ಪರಿಮಳ, ಒಗರು ಇವೆಲ್ಲಾ ಇಳಿಯುತ್ತವೆ. ಬಿಸಿ ಇದ್ದರೆ ಇವು ಬೇಗ ಇಳಿಯುತ್ತವೆ, ಟೀ ಪುಡಿ ಕುದಿಸಿದ ಹಾಗೆ. ಅಮೆರಿಕದ ಓಕ್‌ನಲ್ಲಿ ಕೊಬ್ಬರಿ, ವೆನಿಲ್ಲಾ ಹೆಚ್ಚು. ಯುರೋಪಿನ ಓಕ್‌ನಲ್ಲಿ ಒಗರು, ಲವಂಗ ಹೆಚ್ಚು. ಅದರ ಜೊತೆಗೆ ಮರದ ಸಂದಿನಿಂದ ಗಾಳಿ ನಿಧಾನವಾಗಿ ಒಳಗೆ ಬರುತ್ತದೆ. ಆಮ್ಲಗಳು ಆಲ್ಕೋಹಾಲ್ ಜೊತೆ ಸೇರಿ ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳಾಗುತ್ತವೆ. ಇದಕ್ಕೆ ವರ್ಷಗಳೇ ಬೇಕು. ಬಿಸಿಯಿಂದ ಇದೂ ಚುರುಕಾಗುತ್ತದೆ, ಆದರೆ ಎಲ್ಲಾ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಮರ ಓಡುತ್ತದೆ, ಉಳಿದವು ಹಿಂದೆ ಬೀಳುತ್ತವೆ. ನಿಮಗೆ 40ರ ಕೊನೆಯಲ್ಲಿ ಸಿಕ್ಕ ಹಣಬೆ, 25ರಲ್ಲಿ ಸಿಕ್ಕ ಅಕ್ರೋಟಿನ ವಾಸನೆ ನಿಧಾನ ಗಾಳಿಯಾಟದಿಂದ ಬರುವುದು. ಅದನ್ನು ಅವಸರದಲ್ಲಿ ತರಲಾಗದು.

ಬೆಂಗಳೂರಿನದು ಕಡಿಮೆ ಅಂತ ಇದರ ಅರ್ಥ ಅಲ್ಲ. ಅದು ಬೇರೆ ಪದಾರ್ಥ. ಮಾವನ್ನು ಹಲಸಿನ ಜೊತೆ ತೂಗಬಾರದು.

ಇನ್ನೊಂದು ವಿಷಯ. ನಿಮ್ಮ 40ರ ಒಗರಿಗೆ ಪೀಪಾಯಿಯೂ ಕಾರಣ. ಆ ಕಾಲದಲ್ಲಿ ಸ್ಪೇನಿನ ಶೆರ್ರಿ ವೈನ್ ಪೀಪಾಯಿಯಲ್ಲೇ ಹಡಗು ಹತ್ತಿ ಬ್ರಿಟನ್‌ಗೆ ಬರುತ್ತಿತ್ತು. ಖಾಲಿಯಾದ ಪೀಪಾಯಿ ವಿಸ್ಕಿಯವರಿಗೆ. 1980ರ ದಶಕದಲ್ಲಿ ಸ್ಪೇನಿನಲ್ಲೇ ಬಾಟಲಿ ತುಂಬಬೇಕು ಅಂತಾಯಿತು. ಈಗ ವಿಸ್ಕಿಗೆ ಬೇಕು ಅಂತಲೇ ಪೀಪಾಯಿಗೆ ಒಂದೆರಡು ವರ್ಷ ಶೆರ್ರಿ ತುಂಬಿಸಿ ಹದ ಮಾಡಿ ಕಳಿಸುತ್ತಾರೆ. ಹಾಗಾಗಿ ಇವತ್ತು ಪೀಪಾಯಿಗೆ ಇಳಿದ ವಿಸ್ಕಿ ಮುಂದೆ 40 ವರ್ಷ ಆದಾಗ ನೀವು ಕುಡಿದಂಥದ್ದೇ ಆಗುತ್ತದೆ ಅಂತ ಹೇಳಲಾಗದು.

ಹುಬ್ಬಳ್ಳಿ ಹೊಸಬ | ಭಾನುವಾರ, ರಾತ್ರಿ 9:05

ನಮಸ್ಕಾರ ರೀ. ಭಾಳ ಛಲೋ ಚರ್ಚೆ. ನಾನು ಇದರಾಗ ಹೊಸಬ. ಮಾವನವರು ನಿವೃತ್ತಿ ಆದಾಗ ಯಾರೋ 21 ವರ್ಷದ ಸಿಂಗಲ್ ಮಾಲ್ಟ್ ಕೊಟ್ಟಿದ್ದರು. ಅವರು ಕುಡಿಯುವುದಿಲ್ಲ, ನನಗೆ ಕೊಟ್ಟರು. ಹಾಳು ಮಾಡಬಾರದು ಅಂತ ಕೇಳುತ್ತಿದ್ದೇನೆ. ಐಸ್ ಹಾಕಬೇಕಾ? ನೀರು ಹಾಕಿದರೆ ತಪ್ಪಾ? ಬಾಟಲಿ ಎಷ್ಟು ದಿನ ಇರುತ್ತದೆ? ಜೊತೆಗೆ ತಿನ್ನಲು ಏನು ಇಡಬೇಕು? ಸಿಂಗಲ್ ಅಂದರೆ ಏನು ಅನ್ನುವುದನ್ನೂ ಯಾರಾದರೂ ಹೇಳಿ ರೀ.

ಅಬರ್ಡೀನ್ ಕನ್ನಡಿಗ | ಭಾನುವಾರ, ರಾತ್ರಿ 10:40

ಕೇಳಿದ್ದು ಒಳ್ಳೆಯದಾಯಿತು. ಸಿಂಗಲ್ ಅಂದರೆ ಒಂದೇ ಡಿಸ್ಟಿಲರಿಯದ್ದು. ಒಂದೇ ಪೀಪಾಯಿ ಅಂತ ಅಲ್ಲ. ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿ. ಸ್ಕಾಚ್ ಆಗಬೇಕಾದರೆ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಪೀಪಾಯಿ 700 ಲೀಟರ್‌ಗಿಂತ ದೊಡ್ಡದಿರಬಾರದು, ಬಾಟಲಿಯಲ್ಲಿ ಶೇ 40ಕ್ಕಿಂತ ಕಡಿಮೆ ಇರಬಾರದು. ಮೇಲೆ 21 ಅಂತ ಇದ್ದರೆ ಅದರಲ್ಲಿ ಸೇರಿದ ಅತಿ ಚಿಕ್ಕ ವಿಸ್ಕಿಗೆ 21 ಆಗಿದೆ ಅಂತ. ಉಳಿದದ್ದು ಅದಕ್ಕಿಂತ ಹಳೆಯದೂ ಇರಬಹುದು.

ಐಸ್ ಬೇಡ. ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ. ಸೋಡಾ ಖಂಡಿತ ಬೇಡ. ನೀರು ತಪ್ಪಲ್ಲ. ಮೊದಲು ಹಾಗೇ ಒಂದು ಗುಟುಕು, ಆಮೇಲೆ ಎರಡು ಮೂರು ಹನಿ ಹಾಕಿ ನೋಡಿ. ಶೇ 43 ಇರುವ ಹಳೇ ವಿಸ್ಕಿಗೆ ನೀರು ಜಾಸ್ತಿಯಾದರೆ ತೆಳ್ಳಗಾಗಿಬಿಡುತ್ತದೆ.

ನಮ್ಮ ಮನೆಗಳಲ್ಲಿ ಒಂದು ತೊಂದರೆ ಇದೆ. ಒಗ್ಗರಣೆ ಹೊಗೆ, ಊದಿನಕಡ್ಡಿ. ಇವೆರಡೂ ಇರುವ ಕೋಣೆಯಲ್ಲಿ ಮೂಗು ಕೆಲಸ ಮಾಡುವುದಿಲ್ಲ. ಕಿಟಕಿ ತೆಗೆದು ಅರ್ಧ ಗಂಟೆ ಬಿಡಿ. ಖಾರದ ಶೇಂಗಾ, ಮಿರ್ಚಿ ಎಲ್ಲಾ ಆಮೇಲೆ ತಿನ್ನಿ. ಮೊದಲು ಬರೀ ವಿಸ್ಕಿ, ಪಕ್ಕದಲ್ಲಿ ಒಂದು ಲೋಟ ನೀರು. ಲೋಟ ಬಾಯಿ ಚಿಕ್ಕದಿರಲಿ, ಹೊಟ್ಟೆ ದಪ್ಪ ಇರಲಿ. ಮೂಗನ್ನು ಒಳಗೆ ತೂರಿಸಬೇಡಿ, ಅಂಚಿನಲ್ಲಿ ಇಟ್ಟು ಬಾಯಿ ಸ್ವಲ್ಪ ತೆರೆದು ಉಸಿರು ತಗೊಳ್ಳಿ.

ಬಾಟಲಿ ನಿಲ್ಲಿಸಿಯೇ ಇಡಿ. ವೈನ್ ತರಹ ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿಂದು ಹಾಕುತ್ತದೆ. ನನಗೆ ಆದದ್ದು ನಿಮಗೆ ಆಗದಿರಲಿ. ತೆಗೆದ ಮೇಲೆ ಅರ್ಧಕ್ಕಿಂತ ಜಾಸ್ತಿ ಇದ್ದರೆ ಆರಾಮಾಗಿ ತಿಂಗಳುಗಟ್ಟಲೆ ಇರುತ್ತದೆ. ಕಾಲು ಭಾಗಕ್ಕೆ ಬಂದರೆ ಚಿಕ್ಕ ಬಾಟಲಿಗೆ ಬಗ್ಗಿಸಿ ಇಡಿ.

ಲ್ಯಾಬ್ ಮೇಡಂ | ಭಾನುವಾರ, ರಾತ್ರಿ 11:15

ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನಲ್ಲಿ ಅಣುಗಳ ಲೆಕ್ಕ ಹಾಕಿ ನೋಡಿದರು. ಹೊಗೆಯ ಪರಿಮಳ ಕೊಡುವ ಗ್ವಾಯಕೋಲ್ ಅನ್ನುವ ಅಣು, ನೀರು ಬೆರೆತಾಗ ಲೋಟದ ಮೇಲ್ಪದರಕ್ಕೆ ಬರುತ್ತದೆ. ಹಾಗಾಗಿ ಮೂಗಿಗೆ ಹೆಚ್ಚು ಸಿಗುತ್ತದೆ. ಎರಡು ಹನಿ ನೀರು ಹಾಕುವವರ ಅನುಭವಕ್ಕೆ ಕಾರಣ ಇದೆ.

ಕಾಫಿ ತೋಟ | ಸೋಮವಾರ, ಬೆಳಗ್ಗೆ 7:30

ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಾನು ವಿಸ್ಕಿ ಪಂಡಿತ ಅಲ್ಲ. ಆದರೆ ವರ್ಷಾನುಗಟ್ಟಲೆ ಕಾಫಿ ಕಪ್ಪಿಂಗ್, ಅಂದರೆ ರುಚಿ ನೋಡಿ ಅಂಕ ಹಾಕುವ ಕೆಲಸ ಮಾಡಿದ್ದೇನೆ. ಅಬರ್ಡೀನಿನವರೇ, ನಿಮ್ಮ ಬರಹದಲ್ಲಿ ಒಂದು ಕೊರತೆ ಇದೆ, ಹೇಳಲೇಬೇಕು.

ಯಾವ ಲೋಟದಲ್ಲಿ ಏನಿದೆ ಅಂತ ನಿಮಗೆ ಗೊತ್ತಿತ್ತು.

ನಮ್ಮಲ್ಲಿ ಕಪ್ಪಿಂಗ್ ಮಾಡುವಾಗ ಬಟ್ಟಲಿಗೆ ಅಂಕಿ ಮಾತ್ರ. ಯಾರ ತೋಟದ್ದು, ಎಷ್ಟು ಎತ್ತರದಲ್ಲಿ ಬೆಳೆದದ್ದು, ಒಂದೂ ಹೇಳುವುದಿಲ್ಲ. ಬಿಸಿನೀರು ಹಾಕಿ 4 ನಿಮಿಷ ಬಿಟ್ಟು, ಮೇಲಿನ ಪದರ ಚಮಚದಲ್ಲಿ ಒಡೆದು, ಬಗ್ಗಿ ವಾಸನೆ ನೋಡುತ್ತೇವೆ. ಆಮೇಲೆ ಬಿಸಿ ಇದ್ದಾಗ ಒಂದು ಸಲ, ಬೆಚ್ಚಗಾದಾಗ ಒಂದು ಸಲ, ತಣ್ಣಗಾದ ಮೇಲೆ ಒಂದು ಸಲ ಸುರ್ರಂತ ಹೀರಿ ಅಂಕ ಹಾಕುತ್ತೇವೆ. ಬಿಸಿಯಲ್ಲಿ ಗೆದ್ದ ಕಾಫಿ ತಣ್ಣಗಾದಾಗ ಸೋಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ನನ್ನ ತೋಟದ ಕಾಫಿಗೇ ನಾನು ಕಡಿಮೆ ಅಂಕ ಹಾಕಿದ್ದೂ ಇದೆ. ಬೇಜಾರಾಯಿತು, ಆದರೆ ಮುಂದಿನ ವರ್ಷ ಒಣಗಿಸುವ ಕ್ರಮ ಬದಲಾಯಿಸಿದೆ.

ಬಾಟಲಿಯಲ್ಲಿ ಇನ್ನೂ ಇದೆಯಲ್ಲ. ಕಣ್ಣು ಮುಚ್ಚಿ ಇನ್ನೊಂದು ಸಲ ಮಾಡಿ. ಎರಡು ಸಲ ಅಂಕ ಹಾಕಿ, ಸುರಿದ ತಕ್ಷಣ ಒಂದು, ಅರ್ಧ ಗಂಟೆ ಬಿಟ್ಟು ಒಂದು.

ಲ್ಯಾಬ್ ಮೇಡಂ | ಸೋಮವಾರ, ಬೆಳಗ್ಗೆ 9:50

ತೋಟದವರ ಮಾತು ನೂರಕ್ಕೆ ನೂರು ಸರಿ. ಮಾಡುವುದಾದರೆ ಎಲ್ಲವನ್ನೂ ಶೇ 43ಕ್ಕೆ ತನ್ನಿ. ಇಲ್ಲದಿದ್ದರೆ ಖಾರದಿಂದಲೇ ಗೊತ್ತಾಗುತ್ತದೆ. ಶೇ 46ರ 20 ಮಿ.ಲೀ.ಗೆ 1.4 ಮಿ.ಲೀ. ನೀರು. ಜಯನಗರದವರ ಆಸೆಗೆ ಅಮೃತ್ ಫ್ಯೂಷನ್ ಸೇರಿಸಿದರೆ ಅದು ಶೇ 50, ಅದಕ್ಕೆ 3.3 ಮಿ.ಲೀ. ಔಷಧಿ ಸಿರಿಂಜ್ ಸಾಕು. ಬಣ್ಣ ಕಾಣದ ಹಾಗೆ ಲೋಟಕ್ಕೆ ಕಾಗದ ಸುತ್ತಿ.

ಹರಾಜು ಕಟ್ಟೆ | ಸೋಮವಾರ, ರಾತ್ರಿ 8:25

ಬೆಲೆಯ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಶುರು ಮಾಡುತ್ತೇನೆ.

ಹಳೇ ವಿಸ್ಕಿಯ ಬೆಲೆಯಲ್ಲಿ ಎರಡು ಭಾಗ ಇದೆ. ಒಂದು ನಿಜವಾದ ಖರ್ಚು, ಅಂದರೆ ಆರಿಹೋದದ್ದು, ಗೋದಾಮು, ಕಟ್ಟಿಹಾಕಿದ ದುಡ್ಡು. ಇನ್ನೊಂದು ಅಪರೂಪದ ಬೆಲೆ. 2023ರ ನವೆಂಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 1926ರ ಮೆಕ್ಯಾಲನ್ ಒಂದೇ ಬಾಟಲಿ 21 ಲಕ್ಷ ಪೌಂಡ್‌ಗೂ ಮೇಲೆ ಹೋಯಿತು. 60 ವರ್ಷ ಪೀಪಾಯಿಯಲ್ಲಿದ್ದು 1986ರಲ್ಲಿ ಬಾಟಲಿಗೆ ಇಳಿದದ್ದು, ಒಟ್ಟು 40 ಬಾಟಲಿ. ಅದರ ರುಚಿಗೂ ಆ ಬೆಲೆಗೂ ಸಂಬಂಧ ಇಲ್ಲ. ಅದು ಚಿತ್ರಪಟ ಕೊಂಡ ಹಾಗೆ.

ಎಲ್ಗಿನ್ ಊರಿನ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಅಂಗಡಿಯವರದ್ದು ಬೇರೆ ದಾರಿ. ಅವರು 2023ರವರೆಗೂ ಬೇರೆ ಡಿಸ್ಟಿಲರಿಗಳಿಂದ ವಿಸ್ಕಿ ತಂದು ತಮ್ಮ ಪೀಪಾಯಿಯಲ್ಲಿ ಇಡುತ್ತಿದ್ದರು. 1940ರ ಫೆಬ್ರವರಿ 3ರಂದು ತುಂಬಿದ ಗ್ಲೆನ್‌ಲಿವೆಟ್ ಪೀಪಾಯಿಯನ್ನು 80 ವರ್ಷ ಇಟ್ಟರು. ಯುದ್ಧದ ನಡುವೆ ತುಂಬಿದ್ದು! ತೆಗೆದಾಗ ಇನ್ನೂ ಶೇ 44.9 ಇತ್ತು. ಇದು ಪವಾಡ ಇದ್ದ ಹಾಗೆ. ಯಾಕೆಂದರೆ ಅಲ್ಲಿಯ ತೇವದಲ್ಲಿ ವರ್ಷ ಕಳೆದಂತೆ ಶೇಕಡಾ ಇಳಿಯುತ್ತದೆ, 40ರ ಕೆಳಗೆ ಹೋದರೆ ಸ್ಕಾಚ್ ಅಂತ ಮಾರುವ ಹಾಗೇ ಇಲ್ಲ. ಅದಕ್ಕೇ ಹಳೇ ಪೀಪಾಯಿ ಇಟ್ಟವರು ಆಗಾಗ ಅಳತೆ ನೋಡುತ್ತಲೇ ಇರಬೇಕು.

ಈಗ ಎಚ್ಚರಿಕೆ. ನಕಲಿ ತುಂಬಾ ಇದೆ. 2018ರಲ್ಲಿ ಈಸ್ಟ್ ಕಿಲ್‌ಬ್ರೈಡಿನ ಪ್ರಯೋಗಾಲಯ 55 ಹಳೇ ಬಾಟಲಿ ಪರೀಕ್ಷೆ ಮಾಡಿತು. 21 ನಕಲಿ. ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ ಚೀನಾದ ಲೇಖಕರೊಬ್ಬರು 1878ರದ್ದು ಅಂತ ಹೇಳಿದ ವಿಸ್ಕಿಗೆ ಒಂದೇ ಪೆಗ್‌ಗೆ ಹತ್ತಿರ ಹತ್ತಿರ 10 ಸಾವಿರ ಫ್ರಾಂಕ್ ಕೊಟ್ಟರು. ಪರೀಕ್ಷೆ ಮಾಡಿದರೆ 1970ರ ಆಸುಪಾಸಿನದ್ದು, ಅದೂ ಬ್ಲೆಂಡ್, ಅಂದರೆ ಬೇರೆ ಬೇರೆ ವಿಸ್ಕಿ ಬೆರೆಸಿದ್ದು. ಹೋಟೆಲಿನವರು ದುಡ್ಡು ವಾಪಸ್ ಕೊಟ್ಟರು. ಹೇಗೆ ಗೊತ್ತಾಯಿತು ಅಂದರೆ, 1950ರ ಮತ್ತು 60ರ ದಶಕಗಳಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು. ಆಮೇಲೆ ಬೆಳೆದ ಬಾರ್ಲಿಯಲ್ಲೆಲ್ಲಾ ಅದರ ಗುರುತು ಇದೆ. 1878ರ ಬಾರ್ಲಿಯಲ್ಲಿ ಇರುವಂತಿಲ್ಲ.

ಕುಡಿಯುವುದಕ್ಕೆ ಬೇಕಾದರೆ ಹರಾಜಿಗೆ ಹೋಗಬೇಡಿ. ನೀವು ಮಾಡಿದ ಹಾಗೆ ನಾಲ್ಕು ಜನ ಸೇರಿ ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ. ಊರಿಗೆ ತರುವವರಿಗೆ ಸುಂಕವಿಲ್ಲದೆ 2 ಲೀಟರ್ ಬಿಡುತ್ತಾರೆ. ಸ್ಕಾಚ್ ಮೇಲಿನ ಶೇ 150ರ ಸುಂಕವನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಸುವ ಒಪ್ಪಂದಕ್ಕೆ ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿವೆ.

ಮಂಡ್ಯದ ಮಗಳು | ಮಂಗಳವಾರ, ಮಧ್ಯಾಹ್ನ 2:10

ಅಣ್ಣಾ, ಇಲ್ಲಿ ನಾನು ಬರೀ ಓದುವವಳು. ನೀವೆಲ್ಲಾ ಇಷ್ಟು ಪ್ರೀತಿಯಿಂದ ಬರೆದದ್ದು ಓದಿ ಒಂದು ಮಾತು ಹೇಳಬೇಕು ಅನಿಸಿತು. ನಮ್ಮಪ್ಪ ಕುಡಿತದಿಂದ ಹೋದರು. ಅವರ ಲೋಟದಲ್ಲಿ ಒಣದ್ರಾಕ್ಷಿ, ಕಿತ್ತಳೆ ಏನೂ ಇರಲಿಲ್ಲ. ಅಮ್ಮನ ಓಲೆ, ಎಮ್ಮೆ, ಕೊನೆಗೆ ಗದ್ದೆ, ಎಲ್ಲಾ ಆ ಲೋಟಕ್ಕೆ ಹೋಯಿತು. ನಿಮ್ಮನ್ನು ಬಯ್ಯುತ್ತಿಲ್ಲ. ಹೊಸಬರು ಓದುತ್ತಾರಲ್ಲ, ಅವರಿಗೆ ಎಷ್ಟು ಅನ್ನುವುದನ್ನೂ ಹೇಳಿ. ರುಚಿ ಮಾತ್ರ ಹೇಳಿ ಬಿಡಬೇಡಿ.

ಅಬರ್ಡೀನ್ ಕನ್ನಡಿಗ | ಮಂಗಳವಾರ, ಸಂಜೆ 6:45

ನೀವು ಬರೆದದ್ದು ಎರಡು ಸಲ ಓದಿದೆ. ನಾನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ.

ಅವತ್ತು ರಾತ್ರಿ ಒಬ್ಬೊಬ್ಬರು ಕುಡಿದದ್ದು ಒಟ್ಟು 60 ಮಿ.ಲೀ., ಅಂದರೆ ಎರಡು ಪೆಗ್. ಸಂಜೆ ಏಳರಿಂದ ಹನ್ನೊಂದರವರೆಗೆ. ಊಟ ಮಾಡಿದೆವು, ನೀರು ಕುಡಿದೆವು, ಎಲ್ಲರೂ ಅಲ್ಲೇ ಮಲಗಿದೆವು. ಯಾರೂ ಗಾಡಿ ಮುಟ್ಟಲಿಲ್ಲ. ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ ಗಾಡಿ ಓಡಿಸುವವರಿಗೆ 100 ಮಿ.ಲೀ. ರಕ್ತಕ್ಕೆ 50 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಇಂಗ್ಲೆಂಡಿಗಿಂತ ಬಿಗಿ. ನಮ್ಮ ದೇಶದಲ್ಲಿ ಇನ್ನೂ ಕಡಿಮೆ, 30. ಇಲ್ಲಿ ಎಷ್ಟೋ ಡಿಸ್ಟಿಲರಿಗಳಲ್ಲಿ ಕಾರು ಓಡಿಸುವವರಿಗೆ ಲೋಟ ಕೊಡುವುದಿಲ್ಲ. ಅವರ ಪಾಲನ್ನು ಪುಟ್ಟ ಬಾಟಲಿಯಲ್ಲಿ ಮನೆಗೆ ಕೊಟ್ಟು ಕಳಿಸುತ್ತಾರೆ.

ಹುಬ್ಬಳ್ಳಿಯವರೇ, ನಿಮ್ಮ 21ಕ್ಕೂ ಇದೇ ಅಳತೆ. ಒಂದು ರಾತ್ರಿಗೆ 20 ಮಿ.ಲೀ. ಸಾಕು. ಕುಡಿಯದಿದ್ದರೂ ಏನೂ ನಷ್ಟ ಇಲ್ಲ. ನಿಮ್ಮ ಮಾವನವರು ಕುಡಿಯುವುದಿಲ್ಲ ಅಂದಿರಲ್ಲ, ಅವರು ಕಳಕೊಂಡದ್ದು ಏನೂ ಇಲ್ಲ.

ಹುಬ್ಬಳ್ಳಿ ಹೊಸಬ | ಮಂಗಳವಾರ, ರಾತ್ರಿ 9:30

ತಿಳೀತು ರೀ. ಅಕ್ಕಾರ ಮಾತು ಮನಸ್ಸಿಗೆ ತಾಗಿತು. ಬಾಟಲಿ ಈಗ ನಿಲ್ಲಿಸಿ ಇಟ್ಟಿದ್ದೇನೆ. ದೀಪಾವಳಿಗೆ ಅಣ್ಣ ಬಂದಾಗ ತೆಗೆಯುತ್ತೇನೆ, 20 ಮಿ.ಲೀ. ಅಳತೆಗೆ ಮಗುವಿನ ಔಷಧಿ ಮುಚ್ಚಳ ಇದೆ.

ಅಬರ್ಡೀನ್ ಕನ್ನಡಿಗ | ಮುಂದಿನ ಭಾನುವಾರ, ಬೆಳಗ್ಗೆ 10:20

ಕಾಫಿ ತೋಟದವರೇ, ಮಾಡಿದೆವು.

ಗೆಳೆಯನ ಹೆಂಡತಿಯೇ ಸುರಿದರು. ನಾವು ನಾಲ್ವರು ಪಕ್ಕದ ಕೋಣೆಯಲ್ಲಿ. ನಾಲ್ಕು ಲೋಟ, ಈ ಸಲ 10 ಮಿ.ಲೀ. ಮಾತ್ರ. ಮೇಡಂ ಹೇಳಿದ ಲೆಕ್ಕವನ್ನು ಅರ್ಧ ಮಾಡಿ ಸಿರಿಂಜಿನಲ್ಲಿ ನೀರು ಹಾಕಿದರು. ಲೋಟಕ್ಕೆ ದಿನಪತ್ರಿಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಅಂಕಿ ಬರೆದಿದ್ದರು.

ಸುರಿದ ತಕ್ಷಣ ಹಾಕಿದ ಅಂಕದಲ್ಲಿ 40ನ್ನು ಯಾರೂ ಮೊದಲು ಇಡಲಿಲ್ಲ. ಮೂವರು 25ಕ್ಕೆ, ಒಬ್ಬ ಫ್ಯೂಷನ್‌ಗೆ ಹೆಚ್ಚು ಕೊಟ್ಟರು. ಫ್ಯೂಷನ್‌ನಲ್ಲಿ ಹೊಗೆಯಲ್ಲಿ ಒಣಗಿಸಿದ ಬಾರ್ಲಿ ಸೇರಿದೆಯಲ್ಲ, ಅದರ ವಾಸನೆಯಿಂದ ಗುರುತು ಸಿಕ್ಕಿತು. ಆದರೂ ಆ ಗೆಳೆಯ ಬೆಂಗಳೂರು ಅಂತ ಕೊಡಲಿಲ್ಲ, ರುಚಿಗೇ ಕೊಟ್ಟ. ಹಣ್ಣು ತುಂಬಿದೆ, ಖುಷಿ ಕೊಡುತ್ತದೆ ಅಂದ.

ಲೋಟಗಳ ಮೇಲೆ ಸಾಸರ್ ಮುಚ್ಚಿ ಅರ್ಧ ಗಂಟೆ ಬಿಟ್ಟೆವು. ಮತ್ತೆ ಮೂಗಿಟ್ಟಾಗ 3ನೇ ಲೋಟ ಪೂರ್ತಿ ಬದಲಾಗಿತ್ತು. ಮೊದಲು ಮುಚ್ಚಿಕೊಂಡಿದ್ದ ಲೋಟ ಈಗ ಕೋಣೆಗೆಲ್ಲಾ ಹರಡುತ್ತಿತ್ತು. ಜೋನಿ ಬೆಲ್ಲ, ಅದರ ಮೇಲೆ ಕಿತ್ತಳೆ. ನಾನು, ಇನ್ನೊಬ್ಬ ಗೆಳೆಯ, ಇಬ್ಬರೂ ಅದಕ್ಕೇ ಹೆಚ್ಚು ಕೊಟ್ಟೆವು. ಕಾಗದ ಬಿಚ್ಚಿದರೆ ಅದು 40.

ಹಾಗಾಗಿ ಮೊದಲು ಬರೆದ ಅಭಿಪ್ರಾಯವನ್ನು ತಿದ್ದುತ್ತೇನೆ. 25ರಲ್ಲಿ ಸುಖ ಜಾಸ್ತಿ ಅಂದೆ. ಮೊದಲ ಹತ್ತು ನಿಮಿಷಕ್ಕೆ ಅದು ನಿಜ. 40ಕ್ಕೆ ನಾನು ಅವತ್ತು ಸಮಯ ಕೊಟ್ಟಿರಲಿಲ್ಲ. ವಾಸನೆ ಹಿಡಿಯುತ್ತಾ ಹಿಡಿಯುತ್ತಾ ಕುಡಿದು ಮುಗಿಸಿಬಿಟ್ಟಿದ್ದೆ. ಒಗರು ಮಾತ್ರ ಅರ್ಧ ಗಂಟೆ ಆದಮೇಲೂ ಇತ್ತು, ಅದನ್ನು ಬಿಟ್ಟುಕೊಡುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್ | ಭಾನುವಾರ, ಮಧ್ಯಾಹ್ನ 12:05

ಹೆಸರು ನೋಡದೆ ನಾಲ್ವರಲ್ಲಿ ಒಬ್ಬರು ಫ್ಯೂಷನ್‌ಗೆ ಮೊದಲ ಅಂಕ ಕೊಟ್ಟರಲ್ಲ, ನನಗೆ ಅಷ್ಟು ಸಾಕು. ಮೇಡಂ ಹೇಳಿದ ಮಾವು ಹಲಸಿನ ಮಾತು ಒಪ್ಪಿದೆ.

ಕಾಫಿ ತೋಟ | ಭಾನುವಾರ, ಸಂಜೆ 5:40

ಬಹಳ ಸಂತೋಷ. ನಮ್ಮಲ್ಲೂ ತಣ್ಣಗಾದ ಮೇಲೆ ಹಾಕುವ ಅಂಕವನ್ನೇ ನಾನು ಹೆಚ್ಚು ನಂಬುತ್ತೇನೆ. ಖಾಲಿ ಲೋಟ ತೊಳೆದಿರಾ? ತೊಳೆಯದಿದ್ದರೆ ಈಗ ಮೂಸಿ ನೋಡಿ.

ಅಬರ್ಡೀನ್ ಕನ್ನಡಿಗ | ಭಾನುವಾರ, ಸಂಜೆ 6:15

ತೊಳೆದಿರಲಿಲ್ಲ. ನೀವು ಹೇಳಿದ ಮೇಲೆ ಹೋಗಿ ನೋಡಿದೆ. 15ರ ಲೋಟದಲ್ಲಿ ಬರೀ ಒದ್ದೆ ಮರ. 25ರದ್ದು ಜೇನುಮೇಣ. 40ರ ಲೋಟದ ತಳದಲ್ಲಿ ಕಂದು ಬಣ್ಣದ ಒಂದು ಗೆರೆ ಒಣಗಿ ಕೂತಿದೆ. ಬಿಸಿ ಬೆಲ್ಲದ ಪಾಕಕ್ಕೆ ಏಲಕ್ಕಿ ಹಾಕಿದ ವಾಸನೆ. ಇಪ್ಪತ್ತು ಗಂಟೆ ಆಗಿದೆ, ಇನ್ನೂ ಇದೆ.

ನನ್ನ ಪಾಲಿನಲ್ಲಿ 130 ಮಿ.ಲೀ. ಉಳಿದಿದೆ. 100 ಮಿ.ಲೀ. ಪುಟ್ಟ ಬಾಟಲಿಗೆ ಹಾಕಿ ಮೇಣ ಸುತ್ತಿ ಇಟ್ಟಿದ್ದೇನೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಯಾರ್ಯಾರು ಸಿಗುತ್ತೀರಿ, ಹೇಳಿ. ತಲೆಗೆ 15 ಮಿ.ಲೀ. ಲೆಕ್ಕ ಹಾಕಿದರೆ ಆರು ಜನಕ್ಕೆ ಆಗುತ್ತದೆ.

ಕಾಫಿ ತೋಟ | ಭಾನುವಾರ, ಸಂಜೆ 6:50

ನಾನು ಬರುತ್ತೇನೆ. ಲೋಟ ಮತ್ತು ಅಂಕಿ ಚೀಟಿ ನನ್ನ ಜವಾಬ್ದಾರಿ. ಕೊನೆಗೆ ಎಲ್ಲರಿಗೂ ಕಾಫಿ, ಹೋಗುವಾಗ ಬಾಡಿಗೆ ಗಾಡಿ.